ಹದಿನಾಲ್ಕನೇ ನಂಬರಿನ ಮರ

ಜರ್ಮನಿ ಹೇಗಿತ್ತು ಎಂದು ಊರಲ್ಲಿ ಸಿಕ್ಕವರೆಲ್ಲ ಕೇಳುತ್ತಾರೆ. ಚಳಿ ಇತ್ತು, ಹಸಿರಿತ್ತು, ಬ್ರೆಡ್ ಗಟ್ಟಿ ಇತ್ತು ಅಂದು ಬಿಡುತ್ತೇನೆ. ಮೂರೂ ಸುಳ್ಳಲ್ಲ. ಆದರೆ ಅಲ್ಲಿ ನಾನು ಮಾಡಿ ಬಂದದ್ದನ್ನು ಯಾರಿಗೂ ಹೇಳಿಲ್ಲ. ಅದನ್ನೇ ಇಲ್ಲಿ ಬರೆಯುತ್ತೇನೆ. ನಾನು ಓದಿದ್ದು ಏಳನೇ ತರಗತಿ, ಅದೂ ಮರಾಠಿಯಲ್ಲಿ. ಕನ್ನಡ ಅಕ್ಷರ ಅಪ್ಪ ಮನೆಯಲ್ಲಿ ಕಲಿಸಿದ್ದು. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ.

ಉಮರಗಾ

ಉಮರಗಾ ಮಹಾರಾಷ್ಟ್ರದ ಗಡಿಯ ಊರು. ನಮ್ಮದು ಮಠಪತಿ ಮನೆತನ. ಭಕ್ತರ ಮನೆಗಳಿಗೆ ಲಿಂಗಪೂಜೆಗೆ ಬಿಲ್ವಪತ್ರಿ ಮುಟ್ಟಿಸುವುದು ನಮ್ಮ ಕೆಲಸ. ಅಜ್ಜ ಮಾಡಿದ, ಅಪ್ಪ ಇನ್ನೂ ಮಾಡುತ್ತಾನೆ. ಎಲೆ ಕೀಳುವುದು ನನಗೆ ನಡೆಯಲು ಬಂದಾಗಿನಿಂದ ಗೊತ್ತು. ಹಿಡಿ, ಚಿವುಟು, ತೊಟ್ಟಿನ ತುದಿಯ ಗಂಟು ಉಗುರಲ್ಲಿ ಮುರಿ, ಬುಟ್ಟಿಗೆ ಹಾಕು. ಗಂಟಿದ್ದ ಪತ್ರಿಯನ್ನು ಲಿಂಗಕ್ಕೆ ಏರಿಸುವಂತಿಲ್ಲ. ನೀವು ಅಂಗಿಯ ಗುಂಡಿ ಹಾಕಿಕೊಳ್ಳುವಾಗ ಕೈ ನೋಡುತ್ತೀರಾ? ಇದೂ ಹಾಗೆಯೇ.

ಪತ್ರಿಯಿಂದ ಹೊಟ್ಟೆ ತುಂಬುವುದಿಲ್ಲ. ತುರೋರಿ ಕಡೆ ಹೆದ್ದಾರಿ ಅಗಲ ಮಾಡುವಾಗ ನಾನು ಒಬ್ಬ ಗುತ್ತಿಗೆದಾರನ ಕೈಕೆಳಗೆ ದುಡಿದೆ. ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ, ಬ್ರಶ್ಶು. ಬೇವು, ಹುಣಸೆ, ಆಲ, ರಸ್ತೆಯ ಮಗ್ಗುಲಿನ ಪ್ರತಿ ಮರದ ತೊಗಟೆ ಕೆರೆದು ಎದೆ ಮಟ್ಟಕ್ಕೆ ಒಂದು ನಂಬರು ಬರೆಯುವುದು. ನಂಬರು ಬಿತ್ತು ಅಂದರೆ ಮರ ಹೋಯಿತು ಅಂತ ಲೆಕ್ಕ. ಒಂದು ಬೇವಿನ ಕೆಳಗೆ ಚಹಾದ ಅಂಗಡಿ ಇತ್ತು. ನಾನು ಬ್ರಶ್ಶು ಎತ್ತಿದ ಕೂಡಲೇ ಅಂಗಡಿಯವನು ಮರಕ್ಕೆ ಹೊಡೆದಿದ್ದ ತನ್ನ ಬೋರ್ಡಿನ ಮೊಳೆ ಕೀಳತೊಡಗಿದ. ಆಮೇಲೆ ನನಗೇ ಒಂದು ಕಪ್ ಚಹಾ ಕೊಟ್ಟ. ಕುಡಿದೆ.

ರಸ್ತೆ ಮುಗಿದ ಮೇಲೆ ನಿಲಂಗಾದ ವೈಶಾಲಕ್ಕನ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು. ಹೊಸ ಸಸಿಗಳಿಗೆ ಟ್ಯಾಂಕರಿನಲ್ಲಿ ನೀರು ಬಿಡುವುದು. ವೈಶಾಲಕ್ಕ ಕಾಲೇಜು ಓದಿದವಳು, ಇಂಗ್ಲಿಷ್ ಬಲ್ಲವಳು, ಬೈಯುವುದು ಮಾತ್ರ ನಮ್ಮ ಕನ್ನಡದಲ್ಲಿ. ಅವಳ ತಲೆಯಲ್ಲಿ ಒಂದು ಕನಸು ಹೊಕ್ಕಿತ್ತು. ಮಾಕಣಿ ಅಣೆಕಟ್ಟಿನ ದಂಡೆಯಿಂದ ಜಳಕೋಟದ ಗುಡ್ಡದವರೆಗೆ ಒಂದಿಷ್ಟು ಮರ ಆರಿಸಿ, ಅವು ಹೇಗಿವೆ, ಏನು ರೋಗ, ಯಾರು ಕಡಿದರು ಎಂದು ವರ್ಷ ವರ್ಷ ನೋಡಿ ಬರೆಯಬೇಕು. ಯುರೋಪಿನಲ್ಲಿ ಇಡೀ ಖಂಡಕ್ಕೆ ಚೌಕ ಎಳೆದು ಹೀಗೆಯೇ ಮರ ನೋಡುತ್ತಾರಂತೆ. ಅಲ್ಲಿಗೆ ಹೋಗಿ ಒಬ್ಬ ಕಲಿತು ಬರಬೇಕು. ಕಲಿಸಿದವರು ಕೊನೆಗೆ ಒಂದು ಕಾಗದಕ್ಕೆ ಸಹಿ ಹಾಕಬೇಕು: ಇವನ ಕಣ್ಣು ಸರಿ, ಇವನ ಮಾತು ಸರಿ. ಆ ಕಾಗದ ಬಂದರೆ ಕೆಲಸ ಶುರು.

ಇದನ್ನೆಲ್ಲ ಅವಳು ಮೀಟಿಂಗಿನಲ್ಲಿ ಎರಡು ತಾಸು ಹೇಳಿದಳು. ನಾನು ಹಿಂದೆ ಕೂತು ಮೊಬೈಲ್ ನೋಡುತ್ತಿದ್ದೆ. ಮೊದಲು ಆರಿಸಿದ್ದ ಉದಗೀರದ ಹುಡುಗನಿಗೆ ಪಾಸ್‌ಪೋರ್ಟ್ ಬರಲಿಲ್ಲ. ನನ್ನದು ತಯಾರಿತ್ತು, ದುಬೈಗೆ ಹೋಗಲು ಮಾಡಿಸಿದ್ದು. ಹಾಗಾಗಿ ನಾನು ಹೋದೆ, ಮಾತು ತಿರುಗಿಸಿ ಹೇಳಲು ವೈಶಾಲಕ್ಕ ಜೊತೆಗೆ ಬಂದಳು. ಕಾಗದ ನನಗೂ ಬೇಕಿತ್ತು. ಬಣ್ಣದ ಡಬ್ಬಿ, ನೀರಿನ ಪೈಪು ಬಿಟ್ಟು ಬೇರೆ ಏನಾದರೂ ಕೈಯಲ್ಲಿ ಹಿಡಿಯುವ ಆಸೆ.

ವಿಮಾನ ನಿಲ್ದಾಣ

ಇಳಿದ ಕೂಡಲೇ ಸಿಕ್ಕಿಬಿದ್ದೆ. ಚೀಲದಲ್ಲಿ ಅಪ್ಪ ಕೊಟ್ಟ ವಿಭೂತಿ ಗಟ್ಟಿ ಇತ್ತು, ನಾಲ್ಕು. ಪೊಲೀಸ್ ಒಂದನ್ನು ಎತ್ತಿ ಮೂಸಿದ, ಉಗುರಲ್ಲಿ ಕೆರೆದ, ಇನ್ನೊಬ್ಬನನ್ನು ಕರೆದ. ಒಂದು ನಾಯಿಯೂ ಬಂತು.

“ಅಕ್ಕಾ, ಇದು ವಿಭೂತಿ ಅಂತ ಹೇಳ್ರೀ.”

“ಹೇಳೀನಿ. ಬೂದಿ ಅಂತ ಹೇಳೀನಿ. ಯಾರ ಬೂದಿ ಅಂತ ಕೇಳ್ಲತ್ತಾನ.”

ನಾನು ತಡೆಯದೆ ಒಂದು ಗಟ್ಟಿ ಕಸಿದುಕೊಂಡು, ಉಗುಳು ಹಚ್ಚಿ ತಿಕ್ಕಿ, ಹಣೆಗೆ ಮೂರು ಗೆರೆ ಎಳೆದು ನಿಂತೆ. ನಾಯಿ ಸೀನಿತು. ಪೊಲೀಸ್ ನಕ್ಕು ಬಿಟ್ಟ. ವೈಶಾಲಕ್ಕ ಹೊರಗೆ ಬರುವವರೆಗೆ ತಲೆ ಎತ್ತಲಿಲ್ಲ. “ಅರೇ ಬಾಪರೇ, ಉಗುಳು ಯಾಕ ಹಚ್ಚಿದಿ ಬಸಯ್ಯಾ? ನಿಮ್ಮಪ್ಪ ನೋಡಿದ್ರ ಅಲ್ಲೇ ಕೆಡವಿ ಹೊಡೀತಿದ್ದ.” ಅವತ್ತು ಅದೇ ದೊಡ್ಡ ನಾಚಿಕೆ ಎಂದುಕೊಂಡೆ.

ಕಾಡಿನ ಮನೆ

ನಮಗೆ ಕಲಿಸುವವಳು ಹೆಲ್ಗಾ ಎಂಬ ಮುದುಕಿ. ಬಿಳಿ ಕೂದಲು, ಗಂಡಸರ ಬೂಟು, ಕೊರಳಲ್ಲಿ ದುರ್ಬೀನು. ನಾನು ಅಜ್ಜಿ ಎಂದೇ ಕರೆದೆ. ಅರ್ಥ ಕೇಳಿ ತಿಳಿದುಕೊಂಡಳು, ಬೇಡ ಅನ್ನಲಿಲ್ಲ. ಗುಡ್ಡದ ನಡುವೆ ಒಂದು ಮರದ ಮನೆ. ಅದರಲ್ಲಿ ನಾವು ಮೂವರು. ಅಲ್ಲಿಂದ ದಿನಾ ಜೀಪಿನಲ್ಲಿ ಬೇರೆ ಬೇರೆ ಚೌಕಕ್ಕೆ ಹೋಗುವುದು, ಮರ ನೋಡುವುದು, ಬರುವುದು.

ಆ ಜನ ಮರದ ಕೆಳಗೆ ಕೂರುವುದಿಲ್ಲ. ನಮ್ಮಲ್ಲಿ ಒಂದು ಮರ ಇದ್ದರೆ ಕೆಳಗೆ ಪಂಚಾಯಿತಿ, ಕ್ಷೌರದವನ ಕನ್ನಡಿ, ಕಟ್ಟಿ ಹಾಕಿದ ಎಮ್ಮೆ, ಮಲಗಿದ ಕುಡುಕ, ಎಲ್ಲ ಇರುತ್ತದೆ. ಅಲ್ಲಿ ಮರದ ಕೆಳಗೆ ಬರೀ ಮರದ ಎಲೆ. ಅಜ್ಜಿ ಬೇರು ತುಳಿಯದೆ ಬಳಸಿ ನಡೆಯುತ್ತಿದ್ದಳು. ಸೇಬು ತಿಂದು ಉಳಿದದ್ದನ್ನು ಕಾಡಿಗೆ ಎಸೆಯುತ್ತಿರಲಿಲ್ಲ, ಡಬ್ಬಿಗೆ ಹಾಕಿ ಮನೆಗೆ ತರುತ್ತಿದ್ದಳು. ನಾನು ಗುಟ್ಕಾ ತರದೆ ಬಂದದ್ದು ಒಳ್ಳೆಯದಾಯಿತು.

ನಾನು ಇಷ್ಟಲಿಂಗ ಕಟ್ಟಿದವನು. ಬೆಳಿಗ್ಗೆ ಪೂಜೆ ಇಲ್ಲದೆ ಬಾಯಿಗೆ ನೀರೂ ಹಾಕುವುದಿಲ್ಲ. ಪೂಜೆಗೆ ಪತ್ರಿ ಬೇಕು. ಅಲ್ಲಿ ಬಿಲ್ವ ಎಲ್ಲಿಂದ ಬರಬೇಕು? ಮನೆಯ ಹಿಂದೆ ಬೀಚ್ ಎಂಬ ಅಲ್ಲಿನ ಜಾತಿಯ ಒಂದು ಮರ ಇತ್ತು. ಮೆತ್ತನೆಯ, ತೆಳು ಹಸಿರಿನ ಎಲೆ. ಒಂದು ಟೊಂಗೆ ನನ್ನ ಹೆಗಲ ಮಟ್ಟಕ್ಕೆ ಬಗ್ಗಿತ್ತು. ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಹದಿನಾಲ್ಕು ಎಂದು ಬರೆದಿತ್ತು.

ಓಹೋ, ಇದೂ ಹೋಗುವ ಮರ ಎಂದುಕೊಂಡೆ. ಸುತ್ತ ಇನ್ನೂ ಹಲವಕ್ಕೆ ನಂಬರು ಬಿದ್ದಿತ್ತು. ಹೇಗೂ ಕಡಿಯುತ್ತಾರೆ, ಶಿವನಿಗಾದರೂ ಮುಟ್ಟಲಿ ಎಂದು ದಿನಾ ಬೆಳಿಗ್ಗೆ ಒಂದು ಬೊಗಸೆ ಕಿತ್ತೆ. ಪೂಜೆ ಮಾಡಿದ ಎಲೆಯನ್ನು ಕಾಲು ಬೀಳುವ ಕಡೆ ಹಾಕಬಾರದು. ಅದನ್ನು ಆ ಮರದ ಬುಡದಲ್ಲೇ ಚಪ್ಪಟೆ ಕಲ್ಲಿನ ಕೆಳಗೆ ಇಡುತ್ತಿದ್ದೆ. ಬೇರೆ ಚೌಕಗಳಲ್ಲೂ ನೋಡುವ ಮರಕ್ಕೆಲ್ಲ ನಂಬರು ಇತ್ತು. ಕಡಿಯುವ ಮೊದಲು ಇಷ್ಟು ಕಾಳಜಿಯಿಂದ ನೋಡುತ್ತಾರಲ್ಲ, ದೊಡ್ಡ ಮನಸ್ಸಿನ ಜನ ಎಂದು ಮೆಚ್ಚಿಕೊಂಡೆ ಕೂಡ.

ಕಂದು ಗುಡ್ಡ

ಒಂದು ದಿನ ಅಜ್ಜಿ ಒಂದು ದಿಣ್ಣೆಯ ಮೇಲೆ ಜೀಪು ನಿಲ್ಲಿಸಿದಳು. ಎದುರಿಗೆ ಗುಡ್ಡದ ಮೇಲೆ ಗುಡ್ಡ, ಎಲ್ಲ ಸತ್ತ ಮರ. ನಿಂತಲ್ಲೇ ಸತ್ತು ಒಣಗಿದ್ದವು. ತೊಗರಿ ಕೊಯ್ದ ಮೇಲೆ ಉಳಿದ ಕೂಳೆಯಂತೆ ಕಾಣುತ್ತಿತ್ತು, ಆದರೆ ಒಂದೊಂದು ಕೂಳೆ ಮೊಬೈಲ್ ಟವರಿನಷ್ಟು ಎತ್ತರ.

ಮಳೆ ಕಡಿಮೆಯಾಯಿತು, ಮರ ಸೊರಗಿತು, ಆಮೇಲೆ ತೊಗಟೆ ಕೊರೆಯುವ ಹುಳ ಬಂತು ಎಂದಳು. ಒಂದು ಸೀಸೆಯಲ್ಲಿ ಆ ಹುಳ ತೋರಿಸಿದಳು. ಜೋಳದ ಕಾಳಿನಷ್ಟೂ ಇಲ್ಲ. ತಾನು ಈ ಕೆಲಸಕ್ಕೆ ಬಂದಾಗ ಇದರೊಳಗೆ ಮಧ್ಯಾಹ್ನವೂ ಕತ್ತಲಿರುತ್ತಿತ್ತಂತೆ.

“ಹುಳ ಅನ್ನೋ ಮಾತು ನಮ್ಮಲ್ಲಿ ಸಣ್ಣದಲ್ಲ ಅಂತ ಹೇಳ್ಲತ್ತಾಳ,” ಎಂದಳು ವೈಶಾಲಕ್ಕ. “ಒಬ್ಬ ಹುಳ ಅಂತ ಬರೆದ್ರ, ನೂರು ಮಂದಿ ಹುಡುಕ್ಲಾಕ ಹೋಗ್ತಾರಂತ.”

ನಾನು ತಲೆ ಆಡಿಸಿದೆ. ಆ ಮಾತು ಎಷ್ಟು ಬೇಗ ನನ್ನ ಕೊರಳಿಗೆ ಬೀಳುತ್ತದೆ ಎಂದು ಗೊತ್ತಿರಲಿಲ್ಲ.

ಒಂದು ಮರ, ಹತ್ತು ಮಂದಿ

ಮೂರನೇ ವಾರ ಬೇರೆ ಬೇರೆ ದೇಶದ ಮರ ನೋಡುವವರು ಒಂದು ಕಡೆ ಸೇರಿದರು. ಎಲ್ಲರೂ ಒಂದೇ ಮರ ನೋಡಿ ಎಷ್ಟು ಎಲೆ ಉದುರಿದೆ ಎಂದು ಚೀಟಿಯಲ್ಲಿ ಬರೆಯಬೇಕು. ಪೂರ್ತಿ ತುಂಬಿದ ಮರವನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಅದಕ್ಕಿಂತ ನೂರಕ್ಕೆ ಎಷ್ಟು ಕಡಿಮೆ ಎಂದು ಐದೈದರ ಲೆಕ್ಕದಲ್ಲಿ ಹೇಳುವುದು. ಎಲ್ಲರ ಕಣ್ಣು ಒಂದೇ ತೂಕದ್ದೋ ಅಲ್ಲವೋ ನೋಡಲು ಇದು. ಹತ್ತು ಮಂದಿ ಕೊರಳೆತ್ತಿ ಸುಮ್ಮನೆ ನಿಂತರು. ನಮ್ಮೂರಲ್ಲಿ ಹೀಗೆ ನಿಂತರೆ ಮರದಲ್ಲಿ ಯಾರೋ ನೇಣು ಹಾಕಿಕೊಂಡಿದ್ದಾರೆ ಎಂದು ಜನ ಓಡಿ ಬರುತ್ತಿದ್ದರು.

ನನ್ನ ಚೀಟಿಯಲ್ಲೂ ಅಜ್ಜಿಯ ಚೀಟಿಯಲ್ಲೂ ಒಂದೇ ಸಂಖ್ಯೆ ಬಂತು. ಎರಡನೇ ಮರಕ್ಕೂ. ಮೂರನೆಯದಕ್ಕೂ. ಬಿಲ್ವದ ಮರದಲ್ಲಿ ಎಲ್ಲಿ ಎಲೆ ಇದೆ, ಎಲ್ಲಿಲ್ಲ ಎಂದು ಹುಡುಕಿದ ಕಣ್ಣು ನನ್ನದು. ಅಜ್ಜಿ ನನ್ನ ಬೆನ್ನಿಗೆ ಒಂದು ಗುದ್ದು ಹಾಕಿ ತನ್ನ ರೊಟ್ಟಿಯಲ್ಲಿ ಅರ್ಧ ಮುರಿದು ಕೊಟ್ಟಳು.

ತಿನ್ನುವಾಗ ಒಂದು ಹಳೆಯ ಫೈಲು ಬಿಚ್ಚಿ ತೋರಿಸಿದಳು. ಪ್ರತಿ ನಂಬರಿಗೆ ಒಂದು ಹಾಳೆ. ವರ್ಷ ವರ್ಷದ ಬರಹ. ಮೊದಲ ಸಾಲುಗಳ ಮಸಿ ಕಂದಾಗಿತ್ತು. ಮೂವತ್ತು ವರ್ಷದ್ದು ಎಂದಳು.

“ಅಕ್ಕಾ, ಮತ್ತ ಇವು ಕಡಿಯೋದು ಯಾವಾಗ?”

“ಏನ್ ಕಡಿಯೋದು?”

“ನಂಬರ್ ಹಾಕಿದ್ದು.”

ಅವಳು ನನ್ನನ್ನು ನೋಡಿದ ರೀತಿ ಮರೆಯುವುದಿಲ್ಲ. “ಹುಚ್ಚ ಇದ್ದೀಯೇನು? ನಂಬರ್ ಹಾಕಿದ್ದು ಕಡಿಲಾಕಲ್ಲ, ಕಾಯ್ಲಾಕ. ಅದಕ್ಕ ಯಾರೂ ಕೈ ಹಚ್ಚಂಗಿಲ್ಲ. ಒಂದ್ ಎಲಿ ಸೈತ ಕೀಳಂಗಿಲ್ಲ. ಮೀಟಿಂಗಿನ್ಯಾಗ ಏನ್ ಕೇಳಿದಿ ನೀ?”

ಉಳಿದ ರೊಟ್ಟಿಯನ್ನು ಜೇಬಿಗೆ ಹಾಕಿಕೊಂಡೆ. ಅವತ್ತಿನಿಂದ ಕೀಳುವುದು ಬಿಟ್ಟೆ. ಬರೀ ನೀರು, ವಿಭೂತಿಯಲ್ಲಿ ಪೂಜೆ ಮಾಡಿದೆ. ಆದರೆ ಹಿಂದಿನದನ್ನು ಹೇಳಲಿಲ್ಲ. ಕಾಗದಕ್ಕೆ ಸಹಿ ಆಗಲು ಒಂದು ವಾರ ಉಳಿದಿತ್ತು. ಯಾರು ನೋಡುತ್ತಾರೆ ಎಂದುಕೊಂಡೆ.

ಹದಿನಾಲ್ಕು

ನೋಡುವವನು ಬಂದ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಬಂದು ತಾಳೆ ನೋಡುವ ಪದ್ಧತಿ ಅವರಲ್ಲಿದೆ. ಕೆಂಪು ಗಡ್ಡದ ಒಬ್ಬ ಮನುಷ್ಯ. ಅಜ್ಜಿ ಮನೆಯ ಹಿಂದಿನ ಚೌಕವನ್ನು ನಾವು ಬರುವ ಮೊದಲೇ ನೋಡಿ ಬರೆದಿದ್ದಳು. ಹದಿನಾಲ್ಕರ ಹಾಳೆಯಲ್ಲಿ ಈ ವರ್ಷದ ಸಾಲಿಗೆ ಪೆಟ್ಟಿಲ್ಲ ಎಂದಿತ್ತು. ಗಡ್ಡದವನು ಕೆಳಗಿನ ಟೊಂಗೆ ತೋರಿಸಿದ. ಬೋಳು. ಚಳಿಗಾಲದಲ್ಲಿ ಇದ್ದಂತೆ ಬೋಳು.

ಅಜ್ಜಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು. ಅವರಿಬ್ಬರೂ ಮೆಲ್ಲಗೆ ಮಾತಾಡಿದರು.

“ಏನಂತ?” ಎಂದೆ.

“ಇಷ್ಟು ದೊಡ್ಡ ಟೊಂಗಿ ಹ್ಯಾಂಗ ಕಾಣಲಿಲ್ಲ ಅಂತ ಅಂವಾ ಕೇಳ್ಲತ್ತಾನ. ನನ್ನ ಕಣ್ಣು ಹೋಗ್ಯಾವೇನೋ ಅಂತ ಆಕಿ ಅನ್ಲತ್ತಾಳ.”

ಆಗಲೇ ಬಾಯಿ ಬಿಡಬೇಕಿತ್ತು. ಅಷ್ಟರಲ್ಲಿ ಅಜ್ಜಿಯೇ ನನ್ನ ಕಡೆ ತಿರುಗಿದಳು. ನಿನ್ನ ಕಣ್ಣು ನನ್ನ ಕಣ್ಣಿನಂಥದ್ದು, ನೀನು ಹೇಳು, ಇದು ಏನು ಎಂದು ಕೇಳಿದಳು. ಎಲೆಯಲ್ಲಿ ತೂತಿಲ್ಲ, ಅಂಚು ಉಳಿದಿಲ್ಲ, ಜಿಂಕೆ ಹರಿದಂತೆಯೂ ಇಲ್ಲ. ಎಲೆ ತೊಟ್ಟಿನ ಸಮೇತ ಹೋಗಿದೆ.

“ಹುಳ,” ಎಂದೆ. “ನಮ್ಮ ಕಡಿ ಇಂಥಾ ಹುಳ ಅದ. ತೊಟ್ಟು ಸೈತ ತಿಂತದ.”

ವೈಶಾಲಕ್ಕ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ಅಜ್ಜಿ ಬರೆದಳು. ಗೊತ್ತಿಲ್ಲದ ಹುಳ, ಅನುಮಾನ. ನಾಳೆ ಟೊಂಗೆ ಕೊಯ್ದು ಪರೀಕ್ಷೆಗೆ ಕಳಿಸುವುದು, ಸುತ್ತಲಿನ ಚೌಕಗಳಿಗೂ ತಿಳಿಸುವುದು ಎಂದಾಯಿತು.

ಅವರಿಬ್ಬರೂ ಒಳಗೆ ಹೋದ ಮೇಲೆ ವೈಶಾಲಕ್ಕ ಮರದ ಬುಡಕ್ಕೆ ಹೋಗಿ, ಚಪ್ಪಟೆ ಕಲ್ಲಿನ ಅಂಚಿಗೆ ಹತ್ತಿದ್ದ ವಿಭೂತಿ ನೋಡಿ, ಬಗ್ಗಿ ಅದನ್ನು ಎತ್ತಿದಳು. ಒಣಗಿದ ಎಲೆಗಳು, ಒಂದರ ಮೇಲೊಂದು. ಮೇಲೆ ವಿಭೂತಿಯ ಬಿಳಿ. ಪಕ್ಕದಲ್ಲಿ ಮುರಿದ ಗಂಟುಗಳು, ಸಾಸಿವೆಯಷ್ಟು ಸಣ್ಣವು. ಬೇರೆ ದೇಶದವರಿಗೆ ಅದು ಕಸ. ನಿಲಂಗಾದ ಹೆಣ್ಣುಮಗಳಿಗೆ ಹೇಳಬೇಕಾಗಿಲ್ಲ.

“ಹುಳ ಇಲ್ಲೇ ನಿಂತದ,” ಎಂದಳು. “ಪ್ಯಾಂಟ್ ಹಾಕ್ಕೊಂಡು ನಿಂತದ.”

“ಅಕ್ಕಾ, ಕಡಿಯೋ ಗಿಡ ಅಂತ ತಿಳ್ದಿದ್ದೆ.”

“ತಿಳ್ದಿದ್ದಿ, ಕಿತ್ತಿದಿ. ಅದು ಬ್ಯಾರೆ. ಈಗ ಹುಳ ಅಂತ ಯಾಕಂದಿ?”

“ಕಾಗದ...”

“ಕಾಗದ ನನಗ ಬ್ಯಾಡೇನು? ಎಷ್ಟ್ ವರ್ಷದಿಂದ ಓಡಾಡ್ಲತ್ತೀನಿ ನಾ?” ಅವಳ ದನಿ ಒಡೆಯಿತು. “ನಾ ಹೋಗಿ ಹೇಳಂಗಿಲ್ಲ. ನಿಂದು ನೀ ನೋಡ್ಕೊ. ಆದ್ರ ನಿನ್ನ ಸುಳ್ಳು ನನ್ನ ಬಾಯಿಲಿಂದ ಹೋಗ್ಯದ ಬಸಯ್ಯಾ. ಇದು ನನಗ ಬ್ಯಾನಿ ಅದ.”

ಕಲ್ಲನ್ನು ಇದ್ದ ಹಾಗೆಯೇ ಮುಚ್ಚಿ ಒಳಗೆ ಹೋದಳು.

ಮರುದಿನ

ಬೆಳಿಗ್ಗೆ ಅಜ್ಜಿ ಗರಗಸ ತೆಗೆದುಕೊಂಡು ಹೊರಟಳು. ಗರಗಸ ಇಡುವ ಮೊದಲು ಒಂದು ಕ್ಷಣ ಟೊಂಗೆಯನ್ನು ಕೈಯಲ್ಲಿ ಹಿಡಿದು ನಿಂತಳು. ಮೂವತ್ತು ವರ್ಷ ಮುಟ್ಟದ ಮರ. ನಾನು ಹೇಳಿದ ಹುಳಕ್ಕಾಗಿ ಕೊಯ್ಯುತ್ತಿದ್ದಾಳೆ.

“ಅಜ್ಜಿ, ಬ್ಯಾಡ,” ಎಂದು ಕೂಗಿದೆ. ಅದು ಕನ್ನಡ, ಆದರೂ ನಿಂತಳು.

ಕೂಗು ಕೇಳಿ ವೈಶಾಲಕ್ಕನೂ ಹೊರಗೆ ಬಂದಳು. ಅಂಗಿಯೊಳಗಿನಿಂದ ಕರಡಿಗೆಯ ಡಬ್ಬಿ ತೆಗೆದು, ಬಿಚ್ಚಿ, ಒಳಗಿನ ಲಿಂಗ ತೋರಿಸಿದೆ. ಕಲ್ಲು ಎತ್ತಿ ಎಲೆ ತೋರಿಸಿದೆ. ನೆಲಕ್ಕೆ ಬಿದ್ದಿದ್ದ ಒಂದು ಎಲೆ ತೆಗೆದು ಅದರ ತೊಟ್ಟಿನ ತುದಿಯನ್ನು ಉಗುರಲ್ಲಿ ಟಕ್ ಎಂದು ಮುರಿದೆ. ಅಜ್ಜಿ ನನ್ನ ಉಗುರು ನೋಡಿದಳು. ಕಲ್ಲಿನ ಹತ್ತಿರದ ಗಂಟುಗಳನ್ನು ನೋಡಿದಳು. ಗರಗಸ ಕೆಳಗಿಟ್ಟಳು. ಆಮೇಲೆ ನಾನು ಮೊದಲಿನಿಂದ ಹೇಳಿದೆ, ವೈಶಾಲಕ್ಕ ಒಂದೂ ಬಿಡದೆ ಇಂಗ್ಲಿಷಿಗೆ ಹಾಕಿದಳು.

ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಮೊದಲು ಒಂದು ಪ್ರಶ್ನೆ ಕೇಳಿದಳು. ಇಷ್ಟು ದೊಡ್ಡ ಕಾಡಿನಲ್ಲಿ ಈ ಮರವೇ ಯಾಕೆ?

“ನಂಬರ್ ಇತ್ತು. ನಮ್ಮ ಕಡಿ ನಂಬರ್ ಬರೆದ್ರ ಕಡೀತಾರ.”

ನಿಮ್ಮಲ್ಲಿ ನಂಬರು ಯಾರು ಬರೆಯುತ್ತಾರೆ?

“ನಾ ಬರೀತಿದ್ದೆ.”

ಎಷ್ಟು ಮರಕ್ಕೆ ಬರೆದೆ?

“ಎಣಸಿಲ್ಲ. ಡಬ್ಬಿ ತೀರಿದ್ರ ಇನ್ನೊಂದ್ ಡಬ್ಬಿ ಕೊಡ್ತಿದ್ರು.”

ವೈಶಾಲಕ್ಕ ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ.  ನನಗೆ ತುರೋರಿಯ ಚಹಾದವನು ನೆನಪಾದ. ಅವನು ಮೊಳೆ ಕೀಳುವಾಗ ನಾನು ಕಪ್ ಹಿಡಿದು ನಿಂತದ್ದು ನೆನಪಾಯಿತು.

ಅಜ್ಜಿ ಹಾಳೆ ತೆಗೆದು ಹುಳ ಎಂದು ಬರೆದದ್ದರ ಮೇಲೆ ಒಂದು ಗೆರೆ ಎಳೆದಳು. ಪೆಟ್ಟಿಗೆ ಕಾರಣ ಏನು ಎಂದು ಬರೆಯಲು ಅದರಲ್ಲಿ ಪಟ್ಟಿ ಇದೆ. ಹುಳ, ಬೂಷ್ಟು, ಪ್ರಾಣಿ, ಗಾಳಿ, ಬೆಂಕಿ. ಮನುಷ್ಯ ಎಂದೂ ಒಂದು ಮನೆ ಇದೆ. ಅದರ ಮೇಲೆ ಬೆರಳಿಟ್ಟು ಪೆನ್ಸಿಲ್ ನನ್ನ ಕೈಗೆ ಕೊಟ್ಟಳು. ನಾನೇ ಗುರುತು ಹಾಕಿದೆ. ಅಜ್ಜಿ ಗಡ್ಡದವನಿಗೆ ಫೋನ್ ಮಾಡಿ, ತನ್ನ ಕಣ್ಣು ಸರಿ ಇವೆ ಎಂದು ನಕ್ಕಳು. ಅದೊಂದು ನಗು ಕೇಳಿ ಎದೆ ಸ್ವಲ್ಪ ಹಗುರಾಯಿತು.

ಎಲೆಗಳು ಮುಂದಿನ ವಸಂತಕ್ಕೆ ಮತ್ತೆ ಬರುತ್ತವಂತೆ. ಕಾಗದಕ್ಕೆ ಮಾತ್ರ ಸಹಿ ಹಾಕಲಿಲ್ಲ. ನಿನ್ನ ಕಣ್ಣು ಒಳ್ಳೆಯದು, ಆದರೆ ಕಾಗದ ಮಾತನ್ನೂ ಕೇಳುತ್ತದೆ, ಈ ವರ್ಷ ಅದನ್ನು ನಾನು ಬರೆಯಲಾರೆ ಎಂದಳು. ಹೊರಡುವ ದಿನ ತನ್ನ ಹಳೆಯ ದುರ್ಬೀನು ನನ್ನ ಕೊರಳಿಗೆ ಹಾಕಿದಳು. ಬೈದಿದ್ದರೆ ಚೆನ್ನಾಗಿತ್ತು.

ಮತ್ತೆ ಊರು

ವೈಶಾಲಕ್ಕನ ಕೆಲಸ ಶುರುವಾಗಲಿಲ್ಲ. ಮುಂದಿನ ವರ್ಷ ಉದಗೀರದ ಹುಡುಗನನ್ನು ಕಳಿಸುತ್ತಾಳೆ. ಅವಳು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನಾನು ಮತ್ತೆ ಟ್ಯಾಂಕರ್ ಹತ್ತಿದ್ದೇನೆ. ತುರೋರಿಯ ಮೇಲೆ ಹೋಗುವಾಗ ರಸ್ತೆಯ ಎರಡೂ ಮಗ್ಗುಲು ನೋಡುತ್ತೇನೆ. ನೋಡಲು ಏನೂ ಇಲ್ಲ, ಬರೀ ಬಿಸಿಲು.

ಬಂದ ಮೊದಲ ಸೋಮವಾರ ಅಪ್ಪನ ಜೊತೆ ಪತ್ರಿಗೆ ಹೋದೆ. ಹೊಲದ ದಂಡೆಯಲ್ಲಿರುವ ನಮ್ಮ ಬಿಲ್ವದ ಮರ. ಅಜ್ಜನ ಅಪ್ಪ ಹಚ್ಚಿದ್ದು. ಅಪ್ಪ ಬುಟ್ಟಿ ಇಟ್ಟು ಕೀಳತೊಡಗಿದ. ನಾನು ಅಲ್ಲಿ ಕಲಿತ ಅಭ್ಯಾಸದಿಂದ ಮರದ ಎತ್ತರದಷ್ಟು ದೂರ ನಿಂತು ದುರ್ಬೀನು ಎತ್ತಿದೆ.

ಹುಟ್ಟಿದಾಗಿನಿಂದ ಆ ಮರವನ್ನು ಕೈಯಿಂದ ನೋಡಿದ್ದೆ. ಕಣ್ಣಿಂದ ಅವತ್ತು ನೋಡಿದೆ. ಕೈ ಮುಟ್ಟುವ ಎತ್ತರದವರೆಗೆ ಸುತ್ತಲೂ ಬೋಳು. ಏಣಿ ಮುಟ್ಟುವವರೆಗೆ ತೆಳು. ಅದರ ಮೇಲೆ ಮಾತ್ರ ಮರ ಮರದ ಹಾಗಿತ್ತು.

“ಏ ಬಸ್ಯಾ, ಜರ್ಮನಿಲಿಂದ ದೊಡ್ಡ ಸಾಹೇಬ ಆಗಿ ಬಂದಿ? ಕನ್ನಡಿ ಹಚ್ಕೊಂಡು ಏನ್ ನೋಡ್ಲತ್ತಿ? ಎಲಿ ಕೀಳು.”

“ನಲವತ್ತು,” ಎಂದೆ.

“ಏನ್ ನಲವತ್ತು?”

“ಗಿಡದಾಗ ನೂರಕ್ಕ ನಲವತ್ತು ಎಲಿ ಇಲ್ಲಪ್ಪಾ.”

“ಹುಳ ಬಿದ್ದಿರಬೇಕು ನೋಡು,” ಎಂದ ಅಪ್ಪ. ಅವನ ಕೈ ನಿಲ್ಲಲಿಲ್ಲ. ಹಿಡಿ, ಚಿವುಟು, ಗಂಟು ಮುರಿ. ಗಂಟುಗಳು ಟಪ ಟಪ ಎಂದು ಕಾಲ ಬಳಿ ಬೀಳುತ್ತಿದ್ದವು.

ನಾನು ಜೇಬಿನಿಂದ ಸಣ್ಣ ವಹಿ ತೆಗೆದೆ. ಬಿಲ್ವ, ಒಂದೇ ಮರ, ನಂಬರು ಇಲ್ಲ ಎಂದು ಬರೆದೆ. ನಲವತ್ತು ಎಂದು ಬರೆದೆ. ಕಾರಣ ಎಂಬಲ್ಲಿ ಮಠಪತಿ ಮನೆತನ ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿದೆ.